ಗೌರಿಯ ಸೋಮವಾರಗಳು

2023ರ ಬಲಿಪಾಡ್ಯಮಿಯ ಬೆಳಿಗ್ಗೆ ದನಗಳ ಮೈ ತೊಳೆಯುತ್ತಿದ್ದೆವು. ಅಮ್ಮ ಒಂದೊಂದು ಹಸುವಿನ ಹಿಂದೆಯೂ ಬಗ್ಗಿ, ಕೆಚ್ಚಲಿನ ಮೇಲೆ ಕೈಯಾಡಿಸಿ, ಏನೂ ಹೇಳದೆ ಮುಂದಿನದಕ್ಕೆ ಹೋಗುತ್ತಿದ್ದಳು. ಕೊನೆಯ ಹಸುವನ್ನು ಮುಟ್ಟಿ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಒಂದರ ಕೆಚ್ಚಲೂ ಇಳಿದಿಲ್ಲ. ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳೆಗರು ಇರುವುದಿಲ್ಲ" ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಬ್ಬದ ಊಟ ಗಂಟಲಿನಲ್ಲಿ ಇಳಿಯಲಿಲ್ಲ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಣಭೂಮಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಆಕಾಶ ನೋಡುವುದು. ಕೊಟ್ಟಿಗೆಯಲ್ಲಿ ಏಳು ಹಸು, ಎರಡು ಕಡಸು, ಒಂದು ಹೋರಿ, ಉಳುವ ಒಂದು ಜೊತೆ ಎತ್ತು. ಎಲ್ಲವೂ ಅಮೃತಮಹಲ್ ರಕ್ತದವು: ಉದ್ದ ಮುಖ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಗಟ್ಟಿ ಕಾಲು. ಇವು ಡೇರಿಗೆ ಹಾಲು ಹಾಕುವ ಹಸುಗಳಲ್ಲ. ಕರು ಕುಡಿದು ಬಿಟ್ಟ ಹಾಲಿನಲ್ಲಿ ನಮ್ಮ ಮನೆಯ ಚಹಾ, ಮಜ್ಜಿಗೆ ನಡೆಯುತ್ತದೆ, ಅಷ್ಟೇ. ನಾವು ಇವುಗಳನ್ನು ಸಾಕುವುದು ಕರುವಿಗಾಗಿ. ಗಂಡುಗರುಗಳನ್ನು ಜೋಡಿ ಮಾಡಿ, ನೊಗ ಕಲಿಸಿ, ಜಾತ್ರೆಯಲ್ಲಿ ಮಾರಿದರೆ ಬರುವ ದುಡ್ಡಿನಲ್ಲೇ ಬಿತ್ತನೆ ಬೀಜ, ಮಗಳ ಕಾಲೇಜಿನ ಶುಲ್ಕ ಎಲ್ಲವೂ ಆಗಬೇಕು. ಹಸು ಗಬ್ಬ ನಿಲ್ಲಲಿಲ್ಲವೆಂದರೆ ಎರಡು ವರ್ಷ ಆಚೆಗೆ ನಮ್ಮ ಮನೆಯ ಖರ್ಚಿಗೆ ಕತ್ತರಿ ಬಿತ್ತು ಎಂದೇ ಅರ್ಥ.

ಕಾರಣ ಹುಡುಕಲು ಯಾರೂ ದೂರ ಹೋಗಲಿಲ್ಲ. ಅದು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ. ಹೊಲದಲ್ಲಿ ಶೇಂಗಾ ಬಳ್ಳಿ ಅಂಗೈ ಅಗಲವೂ ಹರಡಿರಲಿಲ್ಲ. ಹಿಂದೆ ಮೇಯಿಸುತ್ತಿದ್ದ ಕಾವಲು ಎಂಬ ಹುಲ್ಲುಗಾವಲಿನ ಬಹುಭಾಗಕ್ಕೆ ಈಗ ಗೋಡೆ ಎದ್ದಿದೆ. "ಹೊಟ್ಟೆಗಿಲ್ಲದ ಹಸು ಗಬ್ಬ ಹೇಗೆ ಕಟ್ಟುತ್ತದೆ?" ಎಂದು ಊರಿನವರೆಲ್ಲ ಅಂದರು, ನಾನೂ ಅದನ್ನೇ ನಂಬಿದೆ. ಇನ್ನು ಕೆಲವರು ದೃಷ್ಟಿಯಾಗಿದೆ ಎಂದರು. ಅಮ್ಮ ಹರಕೆ ಹೊತ್ತಳು. ದಸರೆಗೆ ಮುಂಚೆಯೇ ಪರಿಚಯದವನೊಬ್ಬ ಬೈಕಿನಲ್ಲಿ ಬಂದು, ಒಂದೊಂದು ಹಸುವಿಗೂ ಸೂಜಿ ಹಾಕಿ, ದುಡ್ಡು ಎಣಿಸಿಕೊಂಡು ಹೋಗಿದ್ದ. ಯಾವ ಹಸುವಿಗೆ ಏನು ತೊಂದರೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ಹಸುಗಳು ಬೆದೆಗೆ ಬಂದವು, ಹೋರಿ ಹಾರಿತು, ಒಂದೂ ನಿಲ್ಲಲಿಲ್ಲ.

ದೀಪಾವಳಿ ಕಳೆದ ವಾರ ದಲ್ಲಾಳಿಯೊಬ್ಬ ಮನೆ ಮುಂದೆ ಬಂದು ನಿಂತ. ಗೌರಿ ಮತ್ತು ಬೆಳ್ಳಿಯನ್ನು ತೋರಿಸಿ, "ಗೊಡ್ಡು ಬಿದ್ದ ದನಕ್ಕೆ ಬರಗಾಲದಲ್ಲಿ ಮೇವು ಹಾಕಿ ಏನು ಕಟ್ಟಿಕೊಳ್ಳುತ್ತೀರಿ? ಮುಂಗಡ ಈಗಲೇ ಕೊಡುತ್ತೇನೆ" ಎಂದ. ಗೌರಿ ನಮ್ಮ ಮನೆಯಲ್ಲೇ ಹುಟ್ಟಿದವಳು. ಐದು ಕರು ಕೊಟ್ಟಿದ್ದಾಳೆ. ಅವಳನ್ನು ಗೊಡ್ಡು ಎಂದು ಕರೆದದ್ದು ನನ್ನ ಎದೆಗೆ ನಾಟಿತು. ಮುಂಗಡ ಮುಟ್ಟಲಿಲ್ಲ. ಮಾರುವುದೇ ಆದರೂ ಏಕೆ ಹೀಗಾಯಿತು ಎಂದು ತಿಳಿದ ಮೇಲೆಯೇ ಮಾರುವುದು ಎಂದು ನಿರ್ಧರಿಸಿ, ಮರುದಿನ ಪಶು ಆಸ್ಪತ್ರೆಗೆ ಹೋದೆ.

ಅಲ್ಲಿನ ವೈದ್ಯೆ ನನ್ನ ಮಾತನ್ನು ಪೂರ್ತಿ ಕೇಳಿದರು. ಬರ, ಮೇವು, ದೃಷ್ಟಿ, ಸೂಜಿ ಎಲ್ಲವನ್ನೂ ಹೇಳಿದೆ. ಅವರು ಮೂರೇ ಪ್ರಶ್ನೆ ಕೇಳಿದರು. ಹಸುಗಳು ಬೆದೆಗೆ ಬರುತ್ತಿವೆಯೇ? ಬಂದಾಗ ಹೋರಿ ಹಾರಿದ್ದನ್ನು ಕಣ್ಣಾರೆ ನೋಡಿದ್ದೀರಾ? ಹಾರಿದ ಎಷ್ಟು ದಿನಕ್ಕೆ ಅದೇ ಹಸು ಮತ್ತೆ ಬೆದೆಗೆ ಬಂತು? ಮೊದಲ ಎರಡಕ್ಕೆ ಹೌದು ಎಂದೆ, ಅದೂ ಎಲ್ಲ ಹಸುಗಳ ಮಾತಲ್ಲ. ಮೂರನೆಯದಕ್ಕೆ ಬಾಯಿ ಕಟ್ಟಿತು. ಹತ್ತು ಎಕರೆ ಹೊಲದ ಮಳೆ ಲೆಕ್ಕ ಬಾಯಲ್ಲಿ ಹೇಳಬಲ್ಲೆ. ಮನೆಯ ಹಸು ಯಾವ ದಿನ ಬೆದೆಗೆ ಬಂತು ಎಂದು ಒಂದು ಚೀಟಿಯಲ್ಲೂ ಬರೆದಿಟ್ಟಿರಲಿಲ್ಲ.

"ಗಬ್ಬವಿಲ್ಲ ಎಂಬುದು ಒಂದು ಕಾಯಿಲೆಯಲ್ಲ. ಬೆದೆಗೇ ಬಾರದ ಹಸು ಬೇರೆ, ಬೆದೆಗೆ ಬಂದು ನಿಲ್ಲದ ಹಸು ಬೇರೆ, ನಿಂತು ಕಳೆದುಕೊಂಡ ಹಸು ಬೇರೆ. ಮೂರಕ್ಕೂ ಮದ್ದು ಬೇರೆ. ಶನಿವಾರ ಬರುತ್ತೇನೆ, ಅಷ್ಟರೊಳಗೆ ದಿನಗಳನ್ನು ನೆನಪು ಮಾಡಿಕೊಳ್ಳಿ" ಎಂದರು.

ನೆನಪು ಅಮ್ಮನಲ್ಲಿತ್ತು. ರಾತ್ರಿ ಊಟವಾದ ಮೇಲೆ ಮಗಳು ಮೊಬೈಲ್‌ನಲ್ಲಿ ಕ್ಯಾಲೆಂಡರ್ ತೆರೆದು ಕುಳಿತಳು. ಅಮ್ಮ ಹಬ್ಬ, ಸಂತೆ, ಜಗಳ, ನೆಂಟರು ಎಂದು ತನ್ನದೇ ಲೆಕ್ಕದಲ್ಲಿ ಹೇಳುತ್ತಾ ಹೋದಳು. "ಗೌರಿ ನಾಗರ ಪಂಚಮಿಯ ದಿನ ಕೂಗಿದಳು, ನಾನು ಹುತ್ತಕ್ಕೆ ಹಾಲೆರೆದು ಬರುವ ಹೊತ್ತಿಗೆ ಹೋರಿ ಹಾರಿತ್ತು. ಆಮೇಲೆ ಕಡೆಯ ಶ್ರಾವಣ ಸೋಮವಾರ. ಆಮೇಲೆ ಗಾಂಧಿ ಜಯಂತಿ, ಶಾಲೆಯ ಮಕ್ಕಳು ಮೆರವಣಿಗೆ ಹೋಗುವಾಗ. ಆಮೇಲೆ ಆಯುಧ ಪೂಜೆ." ಮಗಳು ಒಂದೊಂದನ್ನೂ ಬರೆದುಕೊಂಡಳು: ಆಗಸ್ಟ್ 21, ಸೆಪ್ಟೆಂಬರ್ 11, ಅಕ್ಟೋಬರ್ 2, ಅಕ್ಟೋಬರ್ 23. ಬರೆಯುತ್ತಿದ್ದ ಕೈ ನಿಂತಿತು. "ಅಪ್ಪ, ನಾಲ್ಕೂ ಸೋಮವಾರ."

ನಾನು ನಂಬಲಿಲ್ಲ. ಅವಳ ಕೈಯಿಂದ ಮೊಬೈಲ್ ತೆಗೆದುಕೊಂಡು ನಾನೇ ಎಣಿಸಿದೆ. ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೊಂದು. ಇಪ್ಪತ್ತೊಂದು ದಿನವೆಂದರೆ ಸರಿಯಾಗಿ ಮೂರು ವಾರ. ಬೆದೆಯ ಚಕ್ರ ತಪ್ಪದ ಹಸು ಮತ್ತೆ ಅದೇ ವಾರಕ್ಕೆ ಬರುತ್ತದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ. ಆ ದಿನ ಗಂಡಸರೆಲ್ಲ ಮನೆಯಲ್ಲೇ ಇರುತ್ತೇವೆ, ದನಗಳೂ ಕಣ್ಣ ಮುಂದೆಯೇ ಇರುತ್ತವೆ. ಅದಕ್ಕೇ ಅಮ್ಮನಿಗೆ ಗೌರಿಯ ದಿನಗಳು ಅಷ್ಟು ಚೆನ್ನಾಗಿ ನೆನಪಿದ್ದವು. ದೀಪಾವಳಿಯ ಸೋಮವಾರವೂ ಅವಳು ಕೂಗಿದ್ದಳು. ಪಾಡ್ಯದ ಕೆಲಸದ ಗಡಿಬಿಡಿಯಲ್ಲಿ ನಾವೇ ಅದನ್ನು ಮರೆತಿದ್ದೆವು. ಬೆಳ್ಳಿ, ಕಪಿಲೆ, ಹಂಡಿ ಮತ್ತು ಕಡಸು ಲಕ್ಷ್ಮಿಯ ದಿನಗಳೂ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡರ ಸುತ್ತಲೇ ಸುತ್ತಿದವು. ಸಣ್ಣಿ ಮತ್ತು ಇನ್ನೊಂದು ಕಡಸು ತುಂಗೆ ಬೆದೆಗೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಮಲ್ಲಿ ಜುಲೈನಲ್ಲಿ ಈದಿದ್ದಳು, ಅವಳ ಲೆಕ್ಕ ಅಡ್ಡಾದಿಡ್ಡಿ. ಕೆಂದಿ ನಾಗರ ಪಂಚಮಿಯ ವಾರ ಹಗ್ಗ ಹರಿದುಕೊಂಡು ಓಡಿಹೋಗಿದ್ದಳು. ಗುಡ್ಡದಾಚೆಯ ದೇವರ ದನಗಳ ಹಿಂಡಿನಲ್ಲಿ ಸೇರಿಕೊಂಡಿದ್ದವಳನ್ನು ಮೂರು ದಿನದ ಮೇಲೆ ಆ ಹಿಂಡು ಕಾಯುವ ಕಿಲಾರಿ ಹೊಡೆದುಕೊಂಡು ಬಂದಿದ್ದ. ಆಮೇಲೆ ಅವಳು ಕೂಗಿಯೇ ಇರಲಿಲ್ಲ. ಬರಕ್ಕೆ ಬಡವಾಗಿ ಬೆದೆ ನಿಂತಿದೆ ಎಂದುಕೊಂಡಿದ್ದೆವು.

ಶನಿವಾರ ವೈದ್ಯೆ ಬಂದಾಗ ಮಗಳು ಆ ಹಾಳೆಯನ್ನು ಕೊಟ್ಟಳು. ಅವರು ಜಗಲಿಯ ಮೇಲೆ ಕುಳಿತು ಅದನ್ನು ಎರಡು ಸಲ ಓದಿದರು. ನಿಂತ ಗಬ್ಬ ಕೆಲವು ವಾರಗಳ ಮೇಲೆ ಹಾಳಾಗಿದ್ದರೆ ಹಸು ಮೂವತ್ತೈದು, ನಲವತ್ತು, ಐವತ್ತು ದಿನಕ್ಕೆ ತಿರುಗಿ ಬೆದೆಗೆ ಬರುತ್ತದೆ, ಗರ್ಭಕೋಶದ ಸೋಂಕಿದ್ದರೂ ಲೆಕ್ಕ ತಪ್ಪುತ್ತದೆ, ಆದರೆ ಇವು ಗಡಿಯಾರದ ಹಾಗೆ ನಡೆಯುತ್ತಿವೆ ಎಂದರು. ಅದಕ್ಕಿಂತ ಹೆಚ್ಚಿಗೆ ಆಗ ಹೇಳಲಿಲ್ಲ. ಬಳೆ, ಗಡಿಯಾರ ಬಿಚ್ಚಿಟ್ಟು, ಹೆಗಲುದ್ದದ ಪ್ಲಾಸ್ಟಿಕ್ ಕೈಗವಸು ತೊಟ್ಟು, ಸೋಪಿನ ನೀರು ಸವರಿಕೊಂಡರು. ನಾನು ಬೇವಿನ ಮರಕ್ಕೂ ಗೂಟಕ್ಕೂ ಅಡ್ಡಲಾಗಿ ಎರಡು ಬೊಂಬು ಕಟ್ಟಿ ಹಸು ನಿಲ್ಲುವಷ್ಟು ಸಂದಿ ಮಾಡಿದ್ದೆ.

ಒಂದೊಂದು ಹಸುವಿಗೂ ಐದಾರು ನಿಮಿಷ ಹಿಡಿಯಿತು. ಕೈ ಮೊಣಕೈಯವರೆಗೆ ಒಳಗೆ ಹೋಗುತ್ತದೆ, ಸಗಣಿ ಹೊರಬರುತ್ತದೆ, ಆಮೇಲೆ ಅವರ ಕಣ್ಣು ಎಲ್ಲಿಯೋ ದೂರ ನೋಡುತ್ತಿರುತ್ತದೆ, ಬೆರಳುಗಳೇ ಕಣ್ಣಾಗಿರುತ್ತವೆ. "ಗೌರಿ, ಗರ್ಭಕೋಶ ಚೊಕ್ಕ. ಬಲ ಅಂಡಾಶಯದಲ್ಲಿ ಹಳದಿ ಗಂಟು ಇದೆ. ಚಕ್ರ ಸರಿಯಾಗಿದೆ, ಗಬ್ಬವಿಲ್ಲ." ಬೆಳ್ಳಿ, ಕಪಿಲೆ, ಹಂಡಿ, ಲಕ್ಷ್ಮಿ, ನಾಲ್ಕರದ್ದೂ ಹೆಚ್ಚುಕಡಿಮೆ ಅದೇ ಮಾತು. ಸಣ್ಣಿಯ ಸರದಿ ಬಂದಾಗ ಬೆನ್ನುಮೂಳೆ, ಪಕ್ಕೆಲುಬುಗಳ ಮೇಲೆ ಅಂಗೈ ಎಳೆದು, ಪಕ್ಕದಲ್ಲಿ ಕಟ್ಟಿದ್ದ ಅವಳ ಏಳು ತಿಂಗಳ ಕರುವನ್ನು ನೋಡಿದರು. ಅಂಡಾಶಯಗಳೆರಡೂ ಅವರೆಕಾಳಿನಷ್ಟು, ನುಣ್ಣಗೆ, ಕೆಲಸ ನಿಲ್ಲಿಸಿವೆ ಎಂದರು. ತಿನ್ನುವುದು ಕಡಿಮೆ, ಕರು ಇನ್ನೂ ಹೀರುತ್ತಿದೆ, ಮೈಯಲ್ಲಿ ಉಳಿದದ್ದೇನು? ತುಂಗೆಯದ್ದೂ ಹಾಗೆಯೇ, ಆದರೆ ಅವಳಿಗೆ ಇನ್ನೂ ಮೂರು ವರ್ಷ. ನಮ್ಮ ನಾಡ ತಳಿ ಬಲಿಯುವುದು ನಿಧಾನ. ಮಲ್ಲಿಯ ಗರ್ಭಕೋಶ ದಪ್ಪಗಾಗಿತ್ತು. ಒತ್ತಿದಾಗ ಇಳಿದ ಲೋಳೆಯಲ್ಲಿ ಮೊಸರಿನ ಹನಿಯಂಥ ಬಿಳಿ ಚೂರುಗಳಿದ್ದವು. ಜುಲೈನಲ್ಲಿ ಈದಾಗ ಅವಳ ಕಸ, ಅಂದರೆ ಮಾಸು, ಬೀಳಲು ತಡವಾಗಿತ್ತು. ಅವಸರಪಟ್ಟು ಕೈಹಾಕಿ ಎಳೆಸಿದ್ದೆ. ಅದನ್ನು ಹೇಳುವಾಗ ನಾಚಿಕೆಯಾಯಿತು. ಅವರು ಗದರಿಸಲಿಲ್ಲ, ಬರೆದುಕೊಂಡರು.

ಕೊನೆಗೆ ಕೆಂದಿ. ಕೈ ಒಳಗೆ ಹೋದ ಸ್ವಲ್ಪ ಹೊತ್ತಿಗೆ ವೈದ್ಯೆಯ ಮುಖ ಅರಳಿತು. "ಈಕೆ ಗಬ್ಬ. ಮೂರು ತಿಂಗಳು." ಅಮ್ಮ ಕೈ ಮುಗಿದಳು. ಮೂರು ತಿಂಗಳಿಗೆ ಒಳಗಿನ ಕರು ಹೆಗ್ಗಣದ ಮರಿಯಷ್ಟು ಇರುತ್ತದಂತೆ, ಸುತ್ತ ನೀರು ತುಂಬಿದ ಚೀಲ ಬೆರಳಿಗೆ ತೇಲಿದಂತೆ ಸಿಗುತ್ತದಂತೆ. ನಾನು ಮಾತ್ರ ಬೇರೆಯೇ ಯೋಚನೆಯಲ್ಲಿದ್ದೆ. ಒಂಬತ್ತರಲ್ಲಿ ಗಬ್ಬವಾದದ್ದು ಒಂದೇ, ಅದೂ ನಮ್ಮ ಹೋರಿಯನ್ನು ಬಿಟ್ಟು ಓಡಿಹೋದ ಹಸು. ಎಲ್ಲವೂ ಒಂದೇ ಬರದಲ್ಲಿದ್ದವು, ಒಂದೇ ಮೇವು ತಿಂದಿದ್ದವು. ಕೆಂದಿ ಗೌರಿಗಿಂತ ಬಡಕಲಾಗಿದ್ದಳು.

ಎಲ್ಲರ ಕಣ್ಣೂ ಹೋರಿಯ ಕಡೆಗೆ ತಿರುಗಿತು. ಕರಿಯ ಗೋಡೆಯ ಪಕ್ಕ ನಿಂತು ಸೊಪ್ಪೆ ಅಗಿಯುತ್ತಿದ್ದ.

ಕರಿಯನಿಗೆ ಆಗ ಆರು ವರ್ಷ. ಹಾಲು ಬತ್ತಿದ ತಾಯಿಯ ಕರುವಾಗಿದ್ದವನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು ನಾನೇ. ಅವನ ಮೈಕಟ್ಟು, ಕತ್ತಿನ ಕಪ್ಪು, ಹಿಣಿಲು ನೋಡಿ ಪಕ್ಕದ ಊರಿನವರೂ ಹಸು ತರುತ್ತಿದ್ದರು. ಬೆದೆಯ ಹಸು ಕಂಡರೆ ಅವನ ಉತ್ಸಾಹಕ್ಕೆ ಒಂದು ದಿನವೂ ಕೊರತೆಯಾಗಿರಲಿಲ್ಲ. ಹಾರುವ ಹೋರಿ ಗಬ್ಬ ಕೊಡುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಹಾರುವ ಬಲ ಒಂದು, ವೀರ್ಯದ ಬಲ ಇನ್ನೊಂದು, ಎರಡಕ್ಕೂ ಸಂಬಂಧವೇ ಇರಬೇಕಿಲ್ಲ ಎಂದು ವೈದ್ಯೆ ಅಂದರು. ಎಲ್ಲ ಹಸುಗಳ ಮತ್ತು ಹೋರಿಯ ರಕ್ತ ತೆಗೆದುಕೊಂಡು, ಗುರುವಾರ ಕರಿಯನನ್ನು ಆಸ್ಪತ್ರೆಗೆ ಕರೆತರಲು ಹೇಳಿ ಹೊರಟರು.

ಆ ರಾತ್ರಿ ಮಗಳು ಇನ್ನೊಂದು ಲೆಕ್ಕ ಹಾಕಿದಳು. ನಮ್ಮ ಮನೆಯಲ್ಲಿ ಹುಟ್ಟಿದ ಕೊನೆಯ ಕರು ಮಲ್ಲಿಯದ್ದು, 2023ರ ಜುಲೈ ಎರಡನೇ ವಾರ. ಹಸು ಹೊರುವುದು ಒಂಬತ್ತು ತಿಂಗಳು ಒಂಬತ್ತು ದಿನ, ನಮ್ಮ ತಳಿಯಲ್ಲಿ ಒಂದೆರಡು ದಿನ ಆಚೀಚೆ. ಹಿಂದಕ್ಕೆ ಎಣಿಸಿದರೆ 2022ರ ಮಹಾನವಮಿಯ ಆಸುಪಾಸು. ಅದಾದ ಮೇಲೆ ಕರಿಯ ಹಾರಿದ ಒಂದು ಹಸುವೂ ಈದಿಲ್ಲ. "ಆ ದಸರೆ ಆದಮೇಲೆ ಏನಾಯಿತು ಅಪ್ಪ?" ಎಂದು ಕೇಳಿದಳು.

ಏನಾಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. 2022ರ ದೀಪಾವಳಿಯ ಹೊತ್ತಿಗೆ ನಮ್ಮ ಊರಿಗೆ ಚರ್ಮಗಂಟು ರೋಗ ಬಂದಿತ್ತು. ಲಸಿಕೆ ಹಾಕಿಸುವಷ್ಟರಲ್ಲಿ ಕರಿಯನಿಗೆ ಅಂಟಿಯಾಗಿತ್ತು. ಮೈತುಂಬ ಗೋಲಿಯಷ್ಟು ಗಂಟು, ಸುಡುವ ಜ್ವರ, ಊದಿದ ಕಾಲು. ವೀಳ್ಯದೆಲೆ, ಕಾಳುಮೆಣಸು, ಉಪ್ಪು, ಬೆಲ್ಲ ಅರೆದು ದಿನಕ್ಕೆ ಮೂರು ಸಲ ನೆಕ್ಕಿಸಿದೆವು, ಗಾಯಗಳಿಗೆ ಬೇವು ಅರಿಶಿನದ ಎಣ್ಣೆ ಸವರಿದೆವು, ಆಸ್ಪತ್ರೆಯ ಔಷಧವೂ ನಡೆಯಿತು. ಹತ್ತು ದಿನ ಅವನು ನೆಲ ಬಿಟ್ಟು ಏಳಲಿಲ್ಲ, ನಾನು ಕೊಟ್ಟಿಗೆ ಬಿಟ್ಟು ಮಲಗಲಿಲ್ಲ. ಬೀಜದ ಚೀಲವೂ ಊದಿತ್ತು, ಅದರ ಮೇಲೂ ಗಂಟುಗಳೆದ್ದಿದ್ದವು. ಊರಿನಲ್ಲಿ ಎಷ್ಟೋ ದನಗಳು ಸತ್ತವು. ಇವನು ಉಳಿದ. ಎದ್ದು ಮೇವು ಮುಟ್ಟಿದ ದಿನ ನಾನು ಅತ್ತಿದ್ದೆ. ಜೀವ ಉಳಿದ ಸಂತೋಷದಲ್ಲಿ ಬೇರೇನು ಹೋಯಿತು ಎಂದು ಯಾರು ನೋಡುತ್ತಾರೆ? ಸಂಕ್ರಾಂತಿಯ ಹೊತ್ತಿಗೆ ಮತ್ತೆ ಹಸುಗಳ ಮೇಲೆ ಹಾರತೊಡಗಿದ. ಮೊದಲಿನಂತೆಯೇ ಆದ ಎಂದುಕೊಂಡೆವು.

ಗುರುವಾರ ಅವನನ್ನು ಸಣ್ಣ ಲಗೇಜ್ ಗಾಡಿಯಲ್ಲಿ ಕರೆದೊಯ್ದೆ. ಆಸ್ಪತ್ರೆಯ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ, ಹಣೆ ತೀಡುತ್ತಾ ನಾನು ಮುಂದೆ ನಿಂತೆ. ವೈದ್ಯೆ ಹಿಂದಿನಿಂದ ಬೀಜದ ಚೀಲವನ್ನು ಹಿಡಿದು, ಒಂದೊಂದನ್ನೂ ಮೆಲ್ಲಗೆ ಕೆಳಕ್ಕೆ ಜಾರಿಸಿ ನೋಡಿದರು. ನನ್ನ ಕೈಯನ್ನೂ ಅಲ್ಲಿಗೆ ಕರೆದರು. ಆರೋಗ್ಯವಾಗಿರುವ ಬೀಜ ಹದವಾಗಿ ಮಾಗಿದ ಹಣ್ಣಿನಂತೆ ಒತ್ತಿದರೆ ಒಗ್ಗಬೇಕು, ಚೀಲದೊಳಗೆ ಸಲೀಸಾಗಿ ಜಾರಬೇಕು. ಕರಿಯನ ಎಡಗಡೆಯದು ಬೇಲದಕಾಯಿಯ ಹಾಗೆ ಗಟ್ಟಿಯಾಗಿ, ಚರ್ಮಕ್ಕೆ ಅಂಟಿಕೊಂಡಂತಿತ್ತು. ಬಲಗಡೆಯದು ಸೊರಗಿ ಮೆತ್ತಗಾಗಿತ್ತು. ವರ್ಷವಿಡೀ ಮೈ ತೊಳೆದಿದ್ದೇನೆ, ಒಂದು ದಿನವೂ ನನ್ನ ಕೈ ಅಲ್ಲಿ ನಿಂತು ಗಮನಿಸಿರಲಿಲ್ಲ.

ಆಮೇಲೆ ಹಿಂದಿನಿಂದ ಕೈ ಹಾಕಿ ಒಳಗಿನ ಗ್ರಂಥಿಗಳನ್ನು ತೀಡಿ, ಸಹಾಯಕ ಹಿಡಿದ ಗಾಜಿನ ನಳಿಗೆಯಲ್ಲಿ ವೀರ್ಯ ಸಂಗ್ರಹಿಸಿದರು. ನಳಿಗೆ ಬಂದ ಕೂಡಲೇ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ತಣ್ಣಗಾದರೆ ವೀರ್ಯಾಣುಗಳು ಚಲನೆ ನಿಲ್ಲಿಸುತ್ತವೆ, ಇರುವುದನ್ನೂ ಇಲ್ಲವೆಂದು ತಪ್ಪು ತಿಳಿಯಬಾರದಲ್ಲ ಎಂದರು. ಗಾಜಿನ ಪಟ್ಟಿಯನ್ನು ಬಿಸಿನೀರಿನ ಲೋಟದ ಮೇಲಿಟ್ಟು ಬೆಚ್ಚಗೆ ಮಾಡಿದ್ದರು. ಗಟ್ಟಿಹಾಲಿನಂತಿರಬೇಕಾದದ್ದು ಅನ್ನದ ತಿಳಿಯಂತಿತ್ತು. ನನಗೆ ಅರ್ಥವಾಗಲೆಂದು ದ್ರವ ಸಾರಜನಕದ ಕ್ಯಾನಿನಿಂದ ಒಂದು ವೀರ್ಯದ ಕಡ್ಡಿ ತೆಗೆದು, ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ, ಅದರ ಹನಿಯನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಹೊಸನೀರು ಬಂದ ಹಳ್ಳದಲ್ಲಿ ಮೀನಮರಿಗಳು ನುಗ್ಗುವ ಹಾಗೆ, ಒಂದರ ಪಕ್ಕ ಒಂದು, ನೇರವಾಗಿ ಓಡುತ್ತಿದ್ದವು. ಮೈನಸ್ 196 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಕುಳಿತಿದ್ದ ಜೀವ ಅದು.

ನಂತರ ಕರಿಯನ ಹನಿ. ಕಣ್ಣಿಟ್ಟೆ. ಬೆಳಕಿನ ವೃತ್ತದೊಳಗೆ ಅಲ್ಲೊಂದು ಇಲ್ಲೊಂದು. ಹಲವಕ್ಕೆ ಬಾಲ ಸುರುಳಿ ಸುತ್ತಿತ್ತು. ಒಂದು ಮಾತ್ರ ಇದ್ದಲ್ಲೇ ತಲೆ ಅಲ್ಲಾಡಿಸುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ನಾನು ಬಹಳ ಹೊತ್ತು ನೋಡಿದೆ, ಅದು ಹೊರಡುತ್ತದೆಯೇನೋ ಎಂದು.

ಒಂದು ಸಲದ ಪರೀಕ್ಷೆಯಿಂದ ಹೋರಿಯ ಹಣೆಬರಹ ಬರೆಯುವುದಿಲ್ಲ ಎಂದು ವೈದ್ಯೆ ಹದಿನೈದು ದಿನ ಬಿಟ್ಟು ಮತ್ತೆ ಕರೆಸಿದರು. ಆಗಲೂ ಅದೇ. ಬರೀ ಜ್ವರದ ಹೊಡೆತವಾಗಿದ್ದರೆ ಇಷ್ಟರಲ್ಲಿ ಸರಿಯಾಗಿರಬೇಕಿತ್ತು. ಹೊಸ ವೀರ್ಯಾಣು ತಯಾರಾಗಿ ಹೊರಬರಲು ಎರಡರಿಂದ ಎರಡೂವರೆ ತಿಂಗಳು ಸಾಕು, ಇಲ್ಲಿ ವರ್ಷವೇ ಕಳೆದಿತ್ತು. ಬೀಜದೊಳಗಿನ ಅಂಗಾಂಶವೇ ಕಲೆಗಟ್ಟಿದೆ, ಇನ್ನು ಮರಳುವುದಿಲ್ಲ ಎಂದರು.

ರಕ್ತದ ಫಲಿತಾಂಶ ಬರುವವರೆಗಿನ ಹನ್ನೆರಡು ದಿನ ನನಗೆ ಅತ್ಯಂತ ಕಷ್ಟದವು. ಹುಡುಕುತ್ತಿದ್ದದ್ದು ಕಂದುರೋಗವನ್ನು, ಬ್ರೂಸೆಲ್ಲಾ ಎನ್ನುತ್ತಾರೆ. ಅದಿದ್ದರೆ ಹಸುಗಳು ಐದು ತಿಂಗಳು ದಾಟಿದ ಮೇಲೆ ಕಂದು ಹಾಕುತ್ತವೆ, ಅಂದರೆ ಗಬ್ಬ ಇಳಿದುಹೋಗುತ್ತದೆ, ಹಿಂಡಿಗೆ ಹಿಂಡೇ ಹಾಳಾಗುತ್ತದೆ, ಮನುಷ್ಯರಿಗೂ ಹಸಿ ಹಾಲಿನಿಂದ, ಕಂದು ಮತ್ತು ಕಸವನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು. ಮಲ್ಲಿಯ ಕಸ ಎಳೆದ ಕೈಗಳನ್ನು ನಾನು ರಾತ್ರಿ ಮಲಗಿ ನೋಡಿಕೊಳ್ಳುತ್ತಿದ್ದೆ. ಹಾಲನ್ನು ಉಕ್ಕಿಸಿಯೇ ಕುಡಿಯಬೇಕೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದೆ. ಫಲಿತಾಂಶ ಬಂತು, ಒಂದರಲ್ಲೂ ಇರಲಿಲ್ಲ. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಇದಕ್ಕೆ ಒಂದೇ ಒಂದು ಲಸಿಕೆ ಹಾಕಿಸಿದರೆ ಸಾಕು. ಆ ವಯಸ್ಸು ದಾಟಿಸಿ ಕಾಯುವವರನ್ನು ಕಂಡರೆ ಈಗ ನನಗೆ ತಡೆಯಲಾಗುವುದಿಲ್ಲ, ಮನೆಗೆ ಹೋಗಿ ಹೇಳಿ ಬರುತ್ತೇನೆ.

ಮುಂದಿನ ಕೆಲಸಗಳೆಲ್ಲ ಸಣ್ಣವು, ಆದರೆ ದಿನವೂ ಮಾಡಬೇಕಾದವು. ಸಣ್ಣಿಯ ಕರುವನ್ನು ಬೇರೆ ಕಟ್ಟಿ, ಮೊದಲು ದಿನಕ್ಕೆ ಒಂದೇ ಸಲ, ಆಮೇಲೆ ಪೂರ್ತಿ ಹಾಲು ಬಿಡಿಸಿದೆವು. ಜಂತಿನ ಔಷಧ ಕುಡಿಸಿ, ಶೇಂಗಾ ಹಿಂಡಿ, ಬೂಸ, ಜೊತೆಗೆ ದಿನಕ್ಕೆ ಒಂದು ಹಿಡಿ ಖನಿಜ ಮಿಶ್ರಣ. ಒಣ ಸೊಪ್ಪೆ ಮತ್ತು ಹೊಟ್ಟನ್ನೇ ತಿನ್ನುವ ದನಗಳಿಗೆ ರಂಜಕ, ತಾಮ್ರ, ಸತು ಇಂಥವು ಸಾಲುವುದಿಲ್ಲವಂತೆ. ಎಲ್ಲಕ್ಕೂ ಹಿಂಡಿ ಹಾಕುವ ಶಕ್ತಿ ನನಗಿರಲಿಲ್ಲ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಆ ಪರೀಕ್ಷೆ ತಿಳಿಸಿದ್ದರಿಂದ ಸಣ್ಣಿಗೆ, ಸ್ವಲ್ಪ ತುಂಗೆಗೆ, ಬಸಿರು ಕೆಂದಿಗೆ ಮಾತ್ರ ಹಾಕಿದೆ. ಬರದಲ್ಲಿ ಅದೇ ನನ್ನನ್ನು ಉಳಿಸಿತು. ಮಲ್ಲಿಗೆ ಗರ್ಭಕೋಶದ ಚಿಕಿತ್ಸೆ ನಡೆಯಿತು. ಎರಡು ಬೆದೆಯಲ್ಲಿ ಲೋಳೆ ಗಾಜಿನಂತೆ ತಿಳಿಯಾಗಿ ಬಂದ ಮೇಲೆಯೇ ಗಬ್ಬಕ್ಕೆ ಬಿಡಬೇಕೆಂದಿದ್ದರು, ಹಾಗೆಯೇ ಮಾಡಿದೆವು.

ಕರಿಯನನ್ನು ಏನು ಮಾಡುವುದು ಎಂದು ಊರಿನಲ್ಲಿ ನನಗಿಂತ ಮುಂಚೆ ಇತರರೇ ತೀರ್ಮಾನಿಸಿದ್ದರು. ನಾನು ಕೊಡಲಿಲ್ಲ. ಅವನನ್ನು ಹಸುಗಳಿಂದ ಹತ್ತು ಮಾರು ದೂರಕ್ಕೆ, ಗಾಳಿ ಬೀಸುವ ದಿಕ್ಕಿಗೆ ಕಟ್ಟಿದೆ. ಬೆದೆ ಇರುವುದು ಹೆಚ್ಚೆಂದರೆ ಮುಕ್ಕಾಲು ದಿನ, ನಮ್ಮ ಹಸುಗಳಲ್ಲಿ ಅದು ಬಹಳ ಸಲ ರಾತ್ರಿಯೇ ಕಳೆದುಹೋಗುತ್ತದೆ. ಮನುಷ್ಯನ ಕಣ್ಣಿಗೆ ತಪ್ಪಿದ್ದು ಹೋರಿಯ ಮೂಗಿಗೆ ತಪ್ಪುವುದಿಲ್ಲ. ಕರಿಯ ಮೇಲ್ದುಟಿ ಸುರುಟಿ, ತಲೆಯೆತ್ತಿ ಗುಟುರು ಹಾಕಿದರೆ ಯಾವುದೋ ಒಂದು ಬೆದೆಯಲ್ಲಿದೆ ಎಂದೇ ಲೆಕ್ಕ. ಆಗ ಎದ್ದು ಹೋಗಿ ಬಾಲದ ಕೆಳಗೆ ಲೋಳೆ ಇದೆಯೇ ನೋಡಿ, ಮಗಳು ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ. ಅಮೃತಮಹಲ್ ಕಡ್ಡಿಯೇ ಬೇಕೆಂದು ಮೊದಲೇ ಹೇಳಿ ತರಿಸಿಕೊಂಡಿದ್ದೆ. ಹಾಲಿನ ಆಸೆಗೆ ವಿದೇಶಿ ತಳಿ ಬೆರೆಸಿ ಎಂದವರಿದ್ದರು. ನಮ್ಮ ಬಿಸಿಲಿಗೆ, ನಮ್ಮ ನೊಗಕ್ಕೆ ಆ ಕರು ಆಗುವುದಿಲ್ಲ.

ಫಲ ಎಲ್ಲಕ್ಕೂ ಒಂದೇ ಸಲ ಸಿಗಲಿಲ್ಲ. ಕಪಿಲೆ, ಲಕ್ಷ್ಮಿ ಮೊದಲ ಸಲಕ್ಕೇ ನಿಂತವು, ಬೆಳ್ಳಿ ಎರಡನೆಯ ಸಲಕ್ಕೆ. ಮಲ್ಲಿ ಫೆಬ್ರವರಿಯಲ್ಲಿ. ಸಣ್ಣಿ ಆರು ವಾರ ಹಿಂಡಿ ತಿಂದ ಮೇಲೆ ಜನವರಿ ಕೊನೆಗೆ ಮೊದಲ ಸಲ ಕೂಗಿದಳು, ಮಾರ್ಚ್‌ನಲ್ಲಿ ಗಬ್ಬವಾದಳು. ತುಂಗೆ 2024ರ ಮುಂಗಾರು ಬಿದ್ದು ಹಸಿರು ಮೇಯುವವರೆಗೂ ಕಾಯಿಸಿದಳು. ಹಂಡಿ ಮೂರು ಸಲವೂ ನಿಲ್ಲಲಿಲ್ಲ. ಅವಳಿಗೆ ಹದಿನಾಲ್ಕು ದಾಟಿದೆ, ಕೊಟ್ಟಿಗೆಯಲ್ಲೇ ಇದ್ದಾಳೆ. ಕೆಂದಿ ಜೂನ್ ಮೊದಲ ವಾರದಲ್ಲಿ, ಹಣೆಯ ಮೇಲೆ ಬಿಳಿ ಚುಕ್ಕೆಯಿರುವ ಹೆಣ್ಣುಗರು ಹಾಕಿದಳು. ವಿಷಯ ತಿಳಿಸಲು ಹೋದಾಗ ಕಿಲಾರಿ, "ದೇವರ ಕರು, ಮೊಲೆಹಾಲು ಪೂರ್ತಿ ಬಿಡಿ" ಎಂದಷ್ಟೇ ಹೇಳಿದ.

ಗೌರಿಯದನ್ನು ಬೇರೆಯಾಗಿ ಹೇಳಬೇಕು. ಡಿಸೆಂಬರ್ 4ರ ಸೋಮವಾರ ಅವಳು ಕೂಗಿದಾಗ ಪರೀಕ್ಷೆಗಳಿನ್ನೂ ಮುಗಿದಿರಲಿಲ್ಲ, ಕೂಗಿಸಿಯೇ ಸುಮ್ಮನಾದೆವು. ಮುಂದಿನದು ಡಿಸೆಂಬರ್ 25, ಕ್ರಿಸ್‌ಮಸ್ ರಜೆ. ಬೆಳಗಿನ ಜಾವ ಕರಿಯನ ಗುಟುರು ಕೇಳಿ ಎದ್ದೆ. ರಜೆಯಾದರೂ ಸಂಜೆ ಕಡ್ಡಿ ಹಾಕುವವರು ಬಂದರು. ಅಲ್ಲಿಂದ ಮೂರು ವಾರಕ್ಕೆ ಜನವರಿ 15, ಸೋಮವಾರ, ಸಂಕ್ರಾಂತಿ.

ಆ ದಿನ ಅಮ್ಮ ಎಳ್ಳುಬೆಲ್ಲ ಬೀರಲು ಹೋಗಲಿಲ್ಲ. ಗೌರಿಯ ಎದುರಿಗೆ ಚಾಪೆ ಹಾಕಿಕೊಂಡು ಶೇಂಗಾ ಸುಲಿಯುತ್ತಾ ಕುಳಿತಳು. ಬೆಳಿಗ್ಗೆ ಗೌರಿ ನೀರು ಕುಡಿದಳು. ಮಧ್ಯಾಹ್ನ ಮಲಗಿ ಮೆಲುಕು ಹಾಕಿದಳು. ಸಂಜೆ ಎಲ್ಲ ದನಗಳ ಕೊಂಬಿಗೆ ಬಣ್ಣ ಬಳಿದು ಹೂವು ಕಟ್ಟಿದೆವು. ಗೌರಿ ಸುಮ್ಮನೆ ಕತ್ತು ಚಾಚಿ ಅಮ್ಮನ ಕೈ ನೆಕ್ಕುತ್ತಿದ್ದಳು. ನಾನು ಲಾಟೀನು ಹಿಡಿದು ಕರಿಯನ ಬಳಿ ಹೋಗಿ ನಿಂತೆ. ಗಾಳಿ ಹಸುಗಳ ಕಡೆಯಿಂದಲೇ ಬೀಸುತ್ತಿತ್ತು. ಅವನು ಒಮ್ಮೆ ಮೂಗೆತ್ತಿ ನೋಡಿ, ಮತ್ತೆ ಸೊಪ್ಪೆಗೆ ಬಾಯಿ ಹಾಕಿದ.